ರಸೀದಿ ಕೇಳಿದರೆ ಮನೆ ಬಿಡಬೇಕೇ?

ಮೇ ಮುಗಿದು ಜೂನ್ ಬಂತೆಂದರೆ ಕಲ್ಲೋಳಿ, ಮೂಡಲಗಿ, ಗೋಕಾಕದ ಓಣಿಗಳಲ್ಲಿ ಟಂಟಂ ಗಾಡಿಗಳ ಓಡಾಟ ಜೋರಾಗುತ್ತದೆ. ಗಾಡಿಯ ಮೇಲೆ ತಿಜೋರಿ, ಸುತ್ತಿ ಕಟ್ಟಿದ ಗಾದಿ, ಗ್ಯಾಸ್ ಸಿಲಿಂಡರ್, ಬಕೆಟ್ಟಿನೊಳಗೆ ತುರುಕಿದ ಪಾತ್ರೆ. ವರ್ಗಾವಣೆಯಾದ ಮಾಸ್ತರು, ಬ್ಯಾಂಕಿನ ಗುಮಾಸ್ತ, ಸಕ್ಕರೆ ಕಾರ್ಖಾನೆಯ ಫಿಟ್ಟರ್, ಮಕ್ಕಳ ಸಾಲೆಗಾಗಿ ಹಳ್ಳಿ ಬಿಟ್ಟು ಬಂದ ರೈತ ಕುಟುಂಬ, ಹೀಗೆ ಒಂದು ಮನೆಯಿಂದ ಇನ್ನೊಂದು ಮನೆಗೆ ಸಂಸಾರ ಹೊತ್ತು ಹೊರಡುವವರು ಎಲ್ಲ ಓಣಿಯಲ್ಲೂ ಸಿಗುತ್ತಾರೆ. ಇವರಲ್ಲಿ ಯಾರನ್ನಾದರೂ ನಿಲ್ಲಿಸಿ, ಬಿಟ್ಟು ಬಂದ ಮನೆಯ ಬಾಡಿಗೆ ರಸೀದಿ ತೋರಿಸಿ ಎಂದರೆ ನಗುತ್ತಾರೆ. ಮೂರು ವರ್ಷ ಅಲ್ಲಿ ಇದ್ದೆ ಎನ್ನುವುದಕ್ಕೆ ಅವರ ಕೈಯಲ್ಲಿ ಒಂದು ಚೀಟಿಯೂ ಇರುವುದಿಲ್ಲ. ಮಾಲೀಕರ ಕೈಯಲ್ಲಿ ಬಾಡಿಗೆದಾರರ ಆಧಾರ್ ಕಾರ್ಡಿನ ಝೆರಾಕ್ಸ್ ಬಿಟ್ಟರೆ ಬೇರೇನೂ ಇರುವುದಿಲ್ಲ.

ಇದನ್ನು ಸಣ್ಣ ಊರಿನ ಸರಳತೆ ಎಂದು ಮೆಚ್ಚಿಕೊಳ್ಳುವ ಕಾಲ ಮುಗಿದಿದೆ. ಕಲ್ಲೋಳಿ ಈಗ ಪಟ್ಟಣ ಪಂಚಾಯಿತಿ. ಮೂಡಲಗಿ ಗೋಕಾಕದಿಂದ ಬೇರೆಯಾಗಿ ತಾಲ್ಲೂಕು ಆಗಿದೆ. ತಾಲ್ಲೂಕಿನ ಹಿಂದೆ ಕಚೇರಿಗಳು ಬರುತ್ತವೆ, ಕಚೇರಿಗಳ ಹಿಂದೆ ನೌಕರರು ಬರುತ್ತಾರೆ. ಹುಣಶ್ಯಾಳದಿಂದ ಸಂಕೇಶ್ವರದವರೆಗೆ ಸಕ್ಕರೆ ಕಾರ್ಖಾನೆಗಳ ಸಾಲೇ ಇದೆ. ಊರವರು ಊರವರಿಗೇ ಎರಡು ಖೋಲಿ ಬಿಟ್ಟುಕೊಡುತ್ತಿದ್ದಾಗ ಬಾಯಿಮಾತು ಸಾಕಾಗಿತ್ತು. ಮಾತು ತಪ್ಪಿದರೆ ಹಿರಿಯರು ಗುಡಿಯ ಕಟ್ಟೆಯ ಮೇಲೆ ಕೂರಿಸಿ ಬಗೆಹರಿಸುತ್ತಿದ್ದರು. ಇಂದು ಬಾಡಿಗೆಗೆ ಬರುವವನ ಅಪ್ಪ ಯಾರೆಂದು ಮಾಲೀಕನಿಗೆ ಗೊತ್ತಿಲ್ಲ, ಮಾಲೀಕನ ಸ್ವಭಾವ ಎಂಥದೆಂದು ಬಾಡಿಗೆದಾರನಿಗೆ ಗೊತ್ತಿಲ್ಲ. ಪರಿಚಯ ಹೋಯಿತು, ಬಾಯಿಮಾತು ಮಾತ್ರ ಉಳಿಯಿತು. ಆ ಮಾತನ್ನು ಎರಡೂ ಕಡೆಯವರು ದಿನಾ ಮುರಿಯುತ್ತಿದ್ದಾರೆ. ಪಂಚಾಯಿತಿ, ಪೊಲೀಸ್ ಠಾಣೆ, ವಿದ್ಯುತ್ ಕಂಪನಿ ಎಲ್ಲವೂ ಇದು ತಮ್ಮ ಕೆಲಸವಲ್ಲ ಎಂದು ಕೈ ಝಾಡಿಸಿಕೊಂಡು ನಿಂತಿವೆ.

ಗೋಕಾಕಕ್ಕೆ ಬಾಡಿಗೆ ಮನೆ ಹೊಸದಲ್ಲ. 1880ರ ದಶಕದಲ್ಲೇ ಜಲಪಾತದ ಬದಿಗೆ ನೀರಿನ ಬಲದ ಮೇಲೆ ನೂಲಿನ ಗಿರಣಿ ಎದ್ದಾಗ ಕಾರ್ಮಿಕರಿಗೆ ಕಂಪನಿಯ ವಸತಿ ಬಂತು. ಅಲ್ಲಿ ಮನೆ ಕೆಲಸಕ್ಕೆ ಕಟ್ಟುಬಿದ್ದಿತ್ತು, ಕೆಲಸ ಹೋದರೆ ಮನೆಯೂ ಹೋಯಿತು. ಆದರೆ ಸಂಬಳದ ಪಟ್ಟಿಯಲ್ಲಿ ಹೆಸರಿತ್ತು, ಇವನು ಇಲ್ಲಿ ವಾಸ ಇದ್ದಾನೆ ಎನ್ನುವುದಕ್ಕೆ ದಾಖಲೆ ಇತ್ತು. ನೂರಮೂವತ್ತು ವರ್ಷಗಳ ಮೇಲೆ, ಮನೆಯ ಹಿತ್ತಲಲ್ಲಿ ಸಾಲಾಗಿ ಕಟ್ಟಿದ ನಾಲ್ಕು ಖೋಲಿಗಳ ಚಾಳದಲ್ಲಿ ಇರುವವನಿಗೆ ಅಷ್ಟೂ ಇಲ್ಲ.

ಮಾಲೀಕರು ಕಾಗದಕ್ಕೆ ಯಾಕೆ ಅಂಜುತ್ತಾರೆ? ಕೇಳಿದರೆ ಬರುವ ಮೊದಲ ಉತ್ತರ: "ಕಾಗದಾ ಮಾಡಿಕೊಟ್ರ ಮುಂದ ಮನಿ ನಂದ ಅಂತಾನ್ರೀ." ಈ ಅಂಜಿಕೆಯ ಬೇರು ಮನೆಯಲ್ಲಿಲ್ಲ, ಹೊಲದಲ್ಲಿದೆ. ಮುಂಬಯಿ ಪ್ರಾಂತದ ಕಾಲದ 1948ರ ಗೇಣಿ ಕಾಯ್ದೆ, ಆಮೇಲೆ 1974ರ ಭೂಸುಧಾರಣೆ ತಿದ್ದುಪಡಿ, ಉಳುವವನೇ ಒಡೆಯ ಎಂಬ ಘೋಷಣೆ, ಹೊಲದ ಹಕ್ಕು ಕೇಳಿ ಗೇಣಿದಾರರು ಹಾಕಿದ ನಮೂನೆ 7ರ ಅರ್ಜಿಗಳು. ಇವೆಲ್ಲ ಈ ಭಾಗದ ಮನೆಮನೆಯ ನೆನಪಿನಲ್ಲಿವೆ. ಲಾವಣಿಗೆ ಕೊಟ್ಟ ಹೊಲ ಕೈಬಿಟ್ಟು ಹೋದದ್ದನ್ನು ಕಂಡ ಅಜ್ಜನ ಮೊಮ್ಮಗ ಇವತ್ತು ಎರಡು ಖೋಲಿ ಬಾಡಿಗೆಗೆ ಕೊಡುವಾಗಲೂ ಅದೇ ಲೆಕ್ಕ ಹಾಕುತ್ತಾನೆ. ಆದರೆ ಆ ಕಾನೂನು ಉಳುಮೆಯ ಭೂಮಿಗೆ ಮಾಡಿದ್ದು. ವಾಸದ ಮನೆಯಲ್ಲಿ ಹನ್ನೆರಡು ವರ್ಷ ಇದ್ದ ಮಾತ್ರಕ್ಕೆ ಬಾಡಿಗೆದಾರ ಮಾಲೀಕನಾಗುವುದಿಲ್ಲ. 1963ರ ಕಾಲಮಿತಿ ಕಾಯ್ದೆಯಲ್ಲಿ ಹನ್ನೆರಡು ವರ್ಷದ ಮಾತು ಇರುವುದು ಮಾಲೀಕನ ಹಕ್ಕನ್ನೇ ಧಿಕ್ಕರಿಸಿ, ಎಲ್ಲರಿಗೂ ಕಾಣುವಂತೆ ಸ್ವಾಧೀನದಲ್ಲಿರುವವನ ಬಗ್ಗೆ. ಬಾಡಿಗೆ ಕೊಡುತ್ತ ಇರುವವನು ಮಾಲೀಕನನ್ನು ಒಪ್ಪಿಕೊಂಡೇ ಒಳಗೆ ಬಂದವನು. ಬಾಡಿಗೆದಾರನಾಗಿ ಇರುವವರೆಗೆ ಅವನು ಮಾಲೀಕತ್ವವನ್ನು ಅಲ್ಲಗಳೆಯುವಂತಿಲ್ಲ ಎಂದು ಸಾಕ್ಷ್ಯ ಕಾನೂನೇ ಹೇಳುತ್ತದೆ.

ಅಂದರೆ ಒಳಗಿರುವವನು ಬಾಡಿಗೆದಾರನೆಂದು ಸಾಬೀತು ಮಾಡುವ ಕರಾರುಪತ್ರವೇ ಮಾಲೀಕನಿಗೆ ಇರುವ ದೊಡ್ಡ ರಕ್ಷಣೆ. ಕಾಗದವಿಲ್ಲದೆ ಇಪ್ಪತ್ತು ವರ್ಷ ಕೂತವನು ನಾಳೆ ಕೋರ್ಟಿನಲ್ಲಿ ನಿಂತು, ನಾನು ಬಾಡಿಗೆದಾರನೇ ಅಲ್ಲ, ಮೊದಲಿನಿಂದಲೂ ನನ್ನದೇ ಜಾಗ ಎಂದರೆ, ಅವನು ತಿಂಗಳಾ ಬಾಡಿಗೆ ಕೊಡುತ್ತಿದ್ದ ಎಂದು ತೋರಿಸಲು ಮಾಲೀಕನ ಬಳಿ ಏನಿದೆ? ಅಂಜಿಕೆಯಿಂದ ಬಿಟ್ಟುಬಿಟ್ಟ ಕಾಗದವೇ ಆವತ್ತು ಬೇಕಾಗಿ ಬರುತ್ತದೆ. ನಮ್ಮ ತಾಲ್ಲೂಕುಗಳ ಮಾಲೀಕರಿಗೆ ಇದನ್ನು ಯಾರೂ ಹೇಳಿಲ್ಲ. ಹೇಳಬೇಕಾದವರಲ್ಲಿ ಪತ್ರಿಕೆಗಳೂ ಸೇರಿವೆ.

ಎರಡನೆಯ ಅಂಜಿಕೆ ತೆರಿಗೆಯದು. ಫೆಬ್ರವರಿಯಲ್ಲಿ ಸರಕಾರಿ ನೌಕರನೊಬ್ಬ ಆದಾಯ ತೆರಿಗೆ ಲೆಕ್ಕಕ್ಕೆಂದು ಬಾಡಿಗೆ ರಸೀದಿ ಕೇಳಿದರೆ ಮಾಲೀಕರ ಮುಖ ಬದಲಾಗುತ್ತದೆ, ಮುಂದಿನ ತಿಂಗಳು "ನಮ್ಮ ಮಗಾ ಬರ್ತಾನ, ಮನಿ ಖಾಲಿ ಮಾಡ್ರಿ" ಎಂಬ ಮಾತು ಬರುತ್ತದೆ. ಒಂದಿಷ್ಟು ಲೆಕ್ಕ ಹಾಕೋಣ. ತಿಂಗಳಿಗೆ 4 ಸಾವಿರ ಬಾಡಿಗೆ ಎಂದರೆ ವರ್ಷಕ್ಕೆ 48 ಸಾವಿರ. ಅದರಲ್ಲಿ ಶೇ 30ರಷ್ಟನ್ನು ರಿಪೇರಿ ಮುಂತಾದವುಗಳ ಹೆಸರಿನಲ್ಲಿ ಕಾನೂನೇ ಕಳೆದುಬಿಡುತ್ತದೆ, ಉಳಿಯುವುದು 33,600. 2025ರ ಬಜೆಟ್ಟಿನ ನಂತರ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಸಾಮಾನ್ಯ ಆದಾಯಕ್ಕೆ ತೆರಿಗೆಯೇ ಬೀಳುವುದಿಲ್ಲ. ಕಲ್ಲೋಳಿಯಲ್ಲಿ ಎರಡು ಖೋಲಿ ಬಾಡಿಗೆಗೆ ಕೊಟ್ಟವರಲ್ಲಿ ಹೆಚ್ಚಿನವರು ಅಂಜುತ್ತಿರುವುದು ತಮಗೆ ತಾಗದ ತೆರಿಗೆಗೆ. ಬಾಡಿಗೆಯನ್ನು ಫೋನ್‌ಪೇಯಲ್ಲಿ ಹಾಕಬೇಡಿ, ರೊಕ್ಕ ಕೈಗೇ ಕೊಡಿ ಎನ್ನುವುದೂ ಇದೇ ಅಂಜಿಕೆಯಿಂದ. ಮೊಬೈಲಿನಲ್ಲಿ ತಾನಾಗಿ ಉಳಿಯುತ್ತಿದ್ದ ಒಂದೇ ಒಂದು ದಾಖಲೆಯೂ ಹೀಗೆ ಅಳಿಸಿಹೋಗುತ್ತದೆ.

ಇನ್ನು ಕಾನೂನು. 1961ರ ಬಾಡಿಗೆ ನಿಯಂತ್ರಣ ಕಾಯ್ದೆ ಬಾಡಿಗೆಯನ್ನು ಹಿಡಿದಿಟ್ಟು, ಹಳೆಯ ಕಟ್ಟಡಗಳಿಗೆ ಸುಣ್ಣ ಬಳಿಯುವ ಆಸೆಯನ್ನೂ ಮಾಲೀಕರಲ್ಲಿ ಉಳಿಸಲಿಲ್ಲ. ಅದರ ಜಾಗಕ್ಕೆ ಬಂದ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಜಾರಿಯಾದದ್ದು 2001ರ ಕೊನೆಯ ದಿನ. ಬರಹದಲ್ಲಿ ಕರಾರು ಇರಬೇಕು, ಬಾಡಿಗೆ ಕೊಟ್ಟವನಿಗೆ ರಸೀದಿ ಕೊಡಬೇಕು, ನೀರು-ಬೆಳಕು ಕಡಿದು ಹೊರಹಾಕುವಂತಿಲ್ಲ. ಒಳ್ಳೆಯ ಮಾತುಗಳೇ ಅದರಲ್ಲಿವೆ. ಆದರೆ ದೊಡ್ಡ ನಗರಗಳಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ, ಉಳಿದೆಡೆ 2,000 ರೂಪಾಯಿ ದಾಟಿದ ಮನೆಗಳಿಗೆ ಆ ಕಾಯ್ದೆಯೇ ಅನ್ವಯಿಸುವುದಿಲ್ಲ. ಇವು ಇಪ್ಪತ್ತೈದು ವರ್ಷಗಳ ಹಿಂದಿನ ಅಂಕಿಗಳು. ಇಂದು ಗೋಕಾಕದಲ್ಲಾಗಲಿ ಘಟಪ್ರಭಾದಲ್ಲಾಗಲಿ 2 ಸಾವಿರಕ್ಕೆ ಸಂಸಾರ ಹೂಡುವಂಥ ಮನೆ ಹುಡುಕಿ ತೋರಿಸಲಿ. ಬೆಲೆ ಏರಿತು, ಮಿತಿ ಏರಲಿಲ್ಲ; ಬಾಡಿಗೆದಾರರನ್ನು ಕಾಯಬೇಕಾದ ಕಾಯ್ದೆ ಯಾರಿಗೂ ಗೊತ್ತಾಗದಂತೆ ಅವರ ತಲೆಯ ಮೇಲಿನಿಂದ ಜಾರಿಹೋಯಿತು. ಇಂಥದೊಂದು ಮಿತಿಯನ್ನು ಕಾಲು ಶತಮಾನ ಹಾಗೇ ಬಿಟ್ಟ ಶಾಸಕಾಂಗ ಪ್ರತಿವರ್ಷ ನಮ್ಮ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲೇ ಅಧಿವೇಶನ ನಡೆಸುತ್ತದೆ.

ಹಾಗಾದರೆ ನಮಗೆ ಉಳಿದಿರುವುದು ಯಾವ ಕಾನೂನು? ಬ್ರಿಟಿಷರ ಕಾಲದ, 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಹಳತಾದರೂ ಅದರ 108ನೆಯ ಕಲಮನ್ನು ಮಾಲೀಕ, ಬಾಡಿಗೆದಾರ ಇಬ್ಬರೂ ಒಮ್ಮೆ ಓದಬೇಕು, ಓದಿದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ. ಕಣ್ಣಿಗೆ ಕಾಣದ ದೊಡ್ಡ ದೋಷ ಮನೆಯಲ್ಲಿದ್ದರೆ ಕೊಡುವ ಮೊದಲೇ ಮಾಲೀಕ ಹೇಳಬೇಕು. ಬಾಡಿಗೆ ಕೊಡುತ್ತಿರುವವರೆಗೆ ಬಾಡಿಗೆದಾರನ ವಾಸಕ್ಕೆ ಅಡ್ಡಿ ಮಾಡುವಂತಿಲ್ಲ. ಹೊತ್ತಿಲ್ಲದ ಹೊತ್ತಿನಲ್ಲಿ ಬಾಗಿಲು ತಳ್ಳಿ ಒಳಗೆ ಬರುವ ಮಾಲೀಕರು ಇದನ್ನು ನೆನಪಿಡಬೇಕು. ಮಾಲೀಕ ಮಾಡಿಸಲೇಬೇಕಾದ ರಿಪೇರಿಯನ್ನು ತಿಳಿಸಿದ ಮೇಲೂ ಮಾಡಿಸದಿದ್ದರೆ ಬಾಡಿಗೆದಾರ ತಾನೇ ಮಾಡಿಸಿ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಇತ್ತ ಬಾಡಿಗೆದಾರ ಮನೆಯನ್ನು ಪಡೆದಾಗ ಇದ್ದ ಹಾಗೇ ಉಳಿಸಿ ಒಪ್ಪಿಸಬೇಕು, ಮಾಲೀಕನನ್ನು ಕೇಳದೆ ಕಾಯಂ ಕಟ್ಟಡ ಎಬ್ಬಿಸಬಾರದು, ಅವಧಿ ಮುಗಿದಾಗ ಬಿಟ್ಟುಕೊಡಬೇಕು. ದಿನಬಳಕೆಯಿಂದ ಆಗುವ ಸವೆತಕ್ಕೆ ಅವನು ಹೊಣೆಯಲ್ಲ ಎಂದೂ ಅಲ್ಲೇ ಇದೆ. ಎರಡು ವರ್ಷ ಇದ್ದು ಬಿಟ್ಟವನ ಡಿಪಾಜಿಟ್ಟಿನಲ್ಲಿ ಸುಣ್ಣ-ಬಣ್ಣದ ಹೆಸರಿಗೆ ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವುದು ನಮ್ಮಲ್ಲಿ ಸಂಪ್ರದಾಯವೇ ಆಗಿದೆ. ಕರಾರಿನಲ್ಲಿ ಒಪ್ಪಿಕೊಂಡಿರದಿದ್ದರೆ ಆ ಸಂಪ್ರದಾಯಕ್ಕೆ ಆಧಾರ ಇಲ್ಲ.

ಮನೆ ಬಿಡಿಸುವುದಕ್ಕೂ ಕ್ರಮವಿದೆ. ಬೇರೆ ಕರಾರು ಇಲ್ಲದಿದ್ದರೆ ತಿಂಗಳ ಬಾಡಿಗೆಯ ಮನೆಗೆ ಹದಿನೈದು ದಿನದ ನೋಟಿಸು ಕೊಡಬೇಕು. ಬಾಡಿಗೆದಾರ ಬಿಡದಿದ್ದರೆ ಕೋರ್ಟು. ಮಾಲೀಕನೇ ಬಂದು ಕೀಲಿ ಹಾಕುವುದು, ಮೋಟರಿನ ವೈರು ಕೀಳುವುದು, ಪಾತ್ರೆ ಅಂಗಳಕ್ಕೆ ಎಸೆಯುವುದು ಯಾವ ಕಾನೂನಿನಲ್ಲೂ ಇಲ್ಲ. ಆದರೆ ಪಾತ್ರೆ ಅಂಗಳಕ್ಕೆ ಬಿದ್ದವನು ಠಾಣೆಗೆ ಹೋದರೆ ಸಿಗುವ ಉತ್ತರ ಎಲ್ಲರಿಗೂ ಗೊತ್ತು: "ಇದು ಸಿವಿಲ್ ಮ್ಯಾಟರ್, ಕೋರ್ಟಿಗೆ ಹೋಗ್ರಿ." ಜೊತೆಗೇ ಇನ್ನೊಂದು ಪ್ರಶ್ನೆ: "ನೀವು ಅಲ್ಲೆ ಇದ್ದದ್ದಕ್ಕ ಏನ ದಾಖಲಾ ಐತಿ?" ಅಲ್ಲಿಗೆ ಮಾತು ಮುಗಿಯಿತು.

ದಾಖಲೆ ಇಲ್ಲದಿರುವುದರ ಬೆಲೆ ಎಷ್ಟೆಂದು ನೋಡಬೇಕಾದರೆ ವಿದ್ಯುತ್ ಮೀಟರಿನ ಮುಂದೆ ನಿಲ್ಲಬೇಕು. 2023ರಲ್ಲಿ 200 ಯೂನಿಟ್‌ವರೆಗಿನ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ ಬಂದಾಗ ಬಾಡಿಗೆದಾರರಿಗೂ ಅನುಕೂಲ ಕೊಟ್ಟದ್ದು ಸರಕಾರದ ಒಳ್ಳೆಯ ತೀರ್ಮಾನ. ಮೀಟರಿನ ಆರ್.ಆರ್. ನಂಬರಿಗೆ ವಾಸವಿರುವವರ ಆಧಾರ್ ಜೋಡಿಸಬೇಕು, ಅಲ್ಲಿ ಇದ್ದೇವೆ ಎನ್ನಲು ಕರಾರುಪತ್ರವನ್ನೋ ಅದೇ ವಿಳಾಸದ ಬೇರೆ ದಾಖಲೆಯನ್ನೋ ತೋರಿಸಬೇಕು. ನಮ್ಮ ಚಾಳಗಳಲ್ಲಿ ಆಗಿದ್ದೇನು? ಮುಂಬಾಗಿಲ ಪಕ್ಕದ ಹಲಗೆಯ ಮೇಲೆ ವಿದ್ಯುತ್ ಕಂಪನಿಯ ಮೀಟರು ಒಂದೇ, ಮಾಲೀಕರ ಹೆಸರಿನದು. ಅದರ ಕೆಳಗೆ ಪೇಟೆಯಿಂದ ತಂದು ಕೂರಿಸಿದ ಮೂರು ಸಬ್‌ಮೀಟರು; ಗಾಜಿನ ಮೇಲೆ ಧೂಳು, ಬದಿಗೆ ಸೀಮೆಸುಣ್ಣದಲ್ಲಿ ಬರೆದ ಕಳೆದ ತಿಂಗಳ ರೀಡಿಂಗು. ಮೂರು ಸಂಸಾರ ತಲಾ 70 ಯೂನಿಟ್ ಸುಟ್ಟರೆ ದೊಡ್ಡ ಮೀಟರು 210 ತೋರಿಸುತ್ತದೆ. 200 ದಾಟಿತು, ಪೂರ್ತಿ ಬಿಲ್ಲು ಬಂತು. ಮೂವರಿಗೂ ಬೇರೆ ಬೇರೆ ಮೀಟರು ಇದ್ದಿದ್ದರೆ, ಹಿಂದಿನ ಸರಾಸರಿಗೆ ಶೇ 10 ಸೇರಿಸಿ ನಿಗದಿಯಾದ ಮಿತಿಯೊಳಗೆ, ಮೂವರಿಗೂ ಶೂನ್ಯ ಬಿಲ್ಲು ಬರಬಹುದಿತ್ತು. ಊರಿನಲ್ಲೇ ಬಡವರಾದ ಮೂರು ಮನೆ ಕರೆಂಟಿಗೆ ಪೂರ್ತಿ ದುಡ್ಡು ಕೊಡುತ್ತಿವೆ, ಎದುರಿನ ಎರಡಂತಸ್ತಿನ ಸ್ವಂತ ಮನೆಗೆ ಶೂನ್ಯ ಬಿಲ್ಲು. ಹುಕ್ಕೇರಿಯವರಿಗೆ ಇನ್ನೊಂದು ತೊಡಕಿದೆ: ಅಲ್ಲಿ ವಿದ್ಯುತ್ ಕೊಡುವುದು 1969ರಿಂದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ, ಗೋಕಾಕ-ಮೂಡಲಗಿಯಲ್ಲಿ ಹೆಸ್ಕಾಂ. ತಾಲ್ಲೂಕು ದಾಟಿ ಮನೆ ಬದಲಿಸಿದವನು ಹಳೆಯ ಮೀಟರಿನಿಂದ ಆಧಾರ್ ಬಿಡಿಸಿ ಹೊಸದಕ್ಕೆ ಜೋಡಿಸಲು ಎರಡು ಸಂಸ್ಥೆಗಳ ಬಾಗಿಲು ತಟ್ಟಬೇಕು, ಎರಡೂ ಕಡೆ ಕೇಳುವುದು ಅದೇ ಇಲ್ಲದ ಕಾಗದ.

ರೇಷನ್ ಕಾರ್ಡಿನ ವಿಳಾಸ, ಗ್ಯಾಸ್ ಜೋಡಣೆ, ಸಾಲೆಯ ಪ್ರವೇಶ, ಮತದಾರರ ಪಟ್ಟಿ, ಎಲ್ಲ ಕಡೆಯೂ ಇದೇ ಗೋಳು. ಮತದಾನದ ಹಕ್ಕಿಗೆ ಬೇಕಾದದ್ದು ಆ ಊರಿನಲ್ಲಿ ಸಾಮಾನ್ಯವಾಗಿ ವಾಸವಿರುವುದು, ಮನೆಯ ಒಡೆತನವಲ್ಲ. ಆದರೆ ತನ್ನ ಮನೆಯ ನಂಬರು ಬಾಡಿಗೆದಾರನ ಕಾರ್ಡಿನಲ್ಲಿ ಬರುವುದನ್ನು ಸಹಿಸದ ಮಾಲೀಕ ಹಲವು ಕುಟುಂಬಗಳನ್ನು ವಾರ್ಡಿನ ಪಟ್ಟಿಯಿಂದಲೇ ಹೊರಗಿಟ್ಟಿದ್ದಾನೆ. ನಾಲ್ಕಾರು ಮತಗಳಲ್ಲಿ ಸೋಲು-ಗೆಲುವು ಆಗುವ ಪಟ್ಟಣ ಪಂಚಾಯಿತಿಯಲ್ಲಿ ಹೀಗೆ ಹೊರಗುಳಿದವರ ಓಣಿಗೆ ಗಟಾರ ಯಾವಾಗ ಬರುತ್ತದೆ ಎಂದು ಕೇಳುವುದೇ ಬೇಡ.

2019ರ ಆಗಸ್ಟಿನ ನೆರೆಯನ್ನು ಮರೆತವರಿಲ್ಲ. ಹಿಡಕಲ್ ಜಲಾಶಯ ತುಂಬಿ, ಹಿರಣ್ಯಕೇಶಿ, ಮಾರ್ಕಂಡೇಯ ಹೊಳೆಗಳು ಸೇರಿ, ಘಟಪ್ರಭೆ ಲೋಳಸೂರ ಸೇತುವೆಯ ಮೇಲೆ ಹರಿದು ಗೋಕಾಕದ ತಗ್ಗಿನ ಓಣಿಗಳೆಲ್ಲ ನೀರಾದವು. ಪೂರ್ತಿ ಬಿದ್ದ ಮನೆಗೆ ಸರಕಾರ 5 ಲಕ್ಷ ರೂಪಾಯಿ ಘೋಷಿಸಿತು. ಆ ಪರಿಹಾರ ಗೋಡೆ-ಮಾಳಿಗೆಯ ಲೆಕ್ಕದ್ದು, ಆದ್ದರಿಂದ ಮಾಲೀಕರದು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಆ ಗೋಡೆಗಳ ನಡುವೆ ತೊಯ್ದು ಹೋದ ಗಾದಿ, ಜೋಳದ ಚೀಲ, ಮಕ್ಕಳ ಪುಸ್ತಕ, ಹೊಲಿಗೆ ಯಂತ್ರ ಬಾಡಿಗೆದಾರನವು. ಸಮೀಕ್ಷೆಗೆ ಬಂದ ತಲಾಟಿಯ ಎದುರು ಇದು ನಾನಿದ್ದ ಮನೆ ಎನ್ನಲು ಅವನು ಮತ್ತೆ ಮಾಲೀಕನ ಬಾಯಿಯನ್ನೇ ನೋಡಬೇಕು. ನೆರೆಯಿಂದ ಮನೆ ವಾಸಕ್ಕೆ ಯೋಗ್ಯವಲ್ಲದಷ್ಟು ಕೆಟ್ಟರೆ ಕರಾರು ಮುಗಿಯಿತೆಂದು ಹೇಳಿ ಹೊರಡುವ ಹಕ್ಕು ಬಾಡಿಗೆದಾರನದು ಎಂದು ಅದೇ 108ನೆಯ ಕಲಮು ಹೇಳುತ್ತದೆ. ಹಾಗೆ ಹೊರಟವನ ಡಿಪಾಜಿಟ್ ಯಾರ ಕೈಯಲ್ಲಿ ಉಳಿಯುತ್ತದೆ ಎಂಬುದು ಬೇರೆ ಮಾತು. ಹೊಳೆ ಮತ್ತೆ ಬರುವುದೇ. 2024ರ ಜುಲೈಯಲ್ಲೂ ಲೋಳಸೂರ ಸೇತುವೆ ಮುಳುಗಿತ್ತು.

ಎಲ್ಲ ತಪ್ಪನ್ನೂ ಮಾಲೀಕರ ತಲೆಗೆ ಕಟ್ಟಿದರೆ ಅನ್ಯಾಯವಾದೀತು. ಈ ಭಾಗದ ಮಾಲೀಕರಲ್ಲಿ ದೊಡ್ಡ ಸಿರಿವಂತರು ಕಡಿಮೆ. ಗಂಡನ ಪಿ.ಎಫ್. ಹಣದಲ್ಲಿ ಹಿತ್ತಿಲಿಗೆ ಎರಡು ಖೋಲಿ ಕಟ್ಟಿಸಿ, ಆ ಬಾಡಿಗೆಯಲ್ಲೇ ಗುಳಿಗೆ-ಔಷಧ ತರುವ ವಿಧವೆಯರಿದ್ದಾರೆ, ನಿವೃತ್ತ ಕಾರ್ಮಿಕರಿದ್ದಾರೆ. ಒಬ್ಬ ಬಾಡಿಗೆದಾರ ಎಂಟು ತಿಂಗಳು ಬಾಡಿಗೆ ನಿಲ್ಲಿಸಿ, ಕೇಳಲು ಹೋದರೆ "ಏನ್ ಮಾಡ್ಕೋತಿ ಮಾಡ್ಕೋ" ಎಂದರೆ ಅಂಥ ವಿಧವೆ ಎಲ್ಲಿಗೆ ಹೋಗಬೇಕು? ಕೋರ್ಟಿಗೆ ಹೋದರೆ ವಕೀಲರ ಫೀಜಿಗೇ ಆ ಎಂಟು ತಿಂಗಳ ಬಾಡಿಗೆ ಸಾಲದು. ಡಿಪಾಜಿಟ್ ತೀರುವವರೆಗೆ ಕೂತು, ಕರೆಂಟ್ ಬಿಲ್ಲು ಬಾಕಿ ಉಳಿಸಿ, ಫ್ಯಾನು-ಬಲ್ಬು ಬಿಚ್ಚಿಕೊಂಡು, ಒಂದು ನಸುಕಿನಲ್ಲಿ ಹೋದವರ ಕಥೆ ಪ್ರತಿ ಓಣಿಯಲ್ಲೂ ಇದೆ. ಒಬ್ಬರು ಮಾಡಿದ್ದಕ್ಕೆ ಮುಂದೆ ಬರುವ ಹತ್ತು ಜನರಿಗೆ ಮನೆ ಸಿಗುವುದಿಲ್ಲ. ಬಾಡಿಗೆಯ ಉಸಾಬರಿಯೇ ಬೇಡ, ಕೀಲಿ ಹಾಕಿ ಇಡುತ್ತೇನೆ ಎನ್ನುವವರು ಹೆಚ್ಚಾಗಿದ್ದಾರೆ. 2011ರ ಜನಗಣತಿಯಲ್ಲಿ ದೇಶದ ನಗರ-ಪಟ್ಟಣಗಳಲ್ಲೇ 1.1 ಕೋಟಿ ಮನೆಗಳು ಖಾಲಿ ಇದ್ದವು. ಮನೆ ಸಿಗದೆ ಅಲೆಯುವವರು ಅದೇ ಓಣಿಗಳಲ್ಲಿ ಇದ್ದರು.

ಮನೆ ಸಿಗದೆ ಅಲೆಯುವವರ ಮಾತು ಬಂದಾಗ ನಮ್ಮೂರಿನ ಒಂದು ಪ್ರಶ್ನೆಯನ್ನು ಮುಚ್ಚಿಡಲಾಗದು. ಬಾಗಿಲಿಗೆ ಮನೆ ಬಾಡಿಗೆಗೆ ಇದೆ ಎಂದು ಬರೆದಿರುತ್ತದೆ. ಒಳಗೆ ಕರೆದು ನೀರು ಕೊಡುತ್ತಾರೆ, ಊರು ಕೇಳುತ್ತಾರೆ, ನೌಕರಿ ಕೇಳುತ್ತಾರೆ. ಆಮೇಲೆ, ದನಿ ತಗ್ಗಿಸಿ: "ನೀವು ಯಾ ಪೈಕಿ?" ಉತ್ತರ ಒಪ್ಪಿಗೆಯಾಗದಿದ್ದರೆ ಮನೆ ಆ ಕ್ಷಣಕ್ಕೇ ಯಾರಿಗೋ ಕೊಟ್ಟಾಗಿರುತ್ತದೆ. ಜಾತಿ ಕೇಳಿ ದಲಿತ ಶಿಕ್ಷಕರನ್ನು, ಹೆಸರು ಕೇಳಿ ಮುಸ್ಲಿಂ ಸಿಬ್ಬಂದಿಯನ್ನು, ಗಂಡ ಎಲ್ಲಿ ಎಂದು ಕೇಳಿ ಒಂಟಿ ಹೆಣ್ಣುಮಕ್ಕಳನ್ನು ವಾಪಸು ಕಳಿಸುವ ಊರುಗಳ ಪಟ್ಟಿಯಿಂದ ನಮ್ಮ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳನ್ನು ಬಿಡುವಂತಿಲ್ಲ. ವಿದೇಶದಲ್ಲಿ ಓದಿ ಬಂದ ಅಂಬೇಡ್ಕರರು 1917ರಲ್ಲಿ ಬರೋಡಾ ಸಂಸ್ಥಾನದ ನೌಕರಿಗೆ ಸೇರಿದಾಗ ಅವರಿಗೆ ಆ ಊರಿನಲ್ಲಿ ಇರಲು ಜಾಗ ಸಿಗಲಿಲ್ಲ. ಪಾರ್ಸಿ ಛತ್ರದಲ್ಲಿ ಸುಳ್ಳು ಹೆಸರಿನಲ್ಲಿ ಉಳಿದರು, ಗೊತ್ತಾದ ಮೇಲೆ ಬಡಿಗೆ ಹಿಡಿದು ಬಂದವರು ಹೊರಹಾಕಿದರು. ಅದೇ ಅಂಬೇಡ್ಕರರು 1925ರಲ್ಲಿ ನಮ್ಮ ಜಿಲ್ಲೆಯ ನಿಪ್ಪಾಣಿಗೆ ಬಂದು ಸಮ್ಮೇಳನ ನಡೆಸಿದ್ದರು. ಅದಾಗಿ ನೂರು ವರ್ಷವಾಯಿತು. ಅಂಗಡಿ, ಹೋಟೆಲು, ಬಾವಿ, ಕೆರೆಗಳಲ್ಲಿ ಯಾರನ್ನೂ ತಡೆಯುವಂತಿಲ್ಲ ಎಂದು ಸಂವಿಧಾನದ 15ನೆಯ ವಿಧಿ ಹೆಸರಿಸಿ ಹೇಳುತ್ತದೆ, ಖಾಸಗಿ ಬಾಡಿಗೆ ಮನೆ ಆ ಪಟ್ಟಿಯಲ್ಲಿಲ್ಲ. ಪಟ್ಟಿಯಲ್ಲಿಲ್ಲದ್ದನ್ನು ನಾವು ಅವಕಾಶ ಮಾಡಿಕೊಂಡೆವು. ನಮ್ಮ ಮಕ್ಕಳಿಗೆ ಪಾಠ ಹೇಳಲು ಬೇಕಾದ ಶಿಕ್ಷಕ ನಮ್ಮ ಓಣಿಯಲ್ಲಿ ಇರಲು ಬೇಡವಾಗಿ ದಿನಾ ಗೋಕಾಕದಿಂದ ಬಸ್ಸಿನಲ್ಲಿ ಬಂದುಹೋಗುತ್ತಾನೆ. ಆಮೇಲೆ, ಮಾಸ್ತರರು ಊರಲ್ಲಿ ನಿಲ್ಲುವುದಿಲ್ಲ ಎಂದು ಪಾಲಕರ ಸಭೆಯಲ್ಲಿ ನಾವೇ ದೂರುತ್ತೇವೆ.

ಕೇಂದ್ರ ಸರಕಾರ 2021ರ ಜೂನ್‌ನಲ್ಲಿ ಮಾದರಿ ಬಾಡಿಗೆ ಕಾಯ್ದೆಗೆ ಒಪ್ಪಿಗೆ ಕೊಟ್ಟಿತು. ವಾಸದ ಮನೆಗೆ ಡಿಪಾಜಿಟ್ ಎರಡು ತಿಂಗಳ ಬಾಡಿಗೆ ಮೀರಬಾರದು. ಕರಾರು ಬರಹದಲ್ಲೇ ಇರಬೇಕು. ಮನೆಯೊಳಗೆ ಬರಬೇಕಾದರೆ ಮಾಲೀಕ 24 ತಾಸು ಮೊದಲು ತಿಳಿಸಬೇಕು. ಅವಧಿ ಮುಗಿದ ಮೇಲೂ ಬಿಡದ ಬಾಡಿಗೆದಾರ ಮೊದಲ ಎರಡು ತಿಂಗಳು ಎರಡು ಪಟ್ಟು, ನಂತರ ನಾಲ್ಕು ಪಟ್ಟು ಬಾಡಿಗೆ ತೆರಬೇಕು. ಜಗಳ ಬಗೆಹರಿಸಲು ಪ್ರತ್ಯೇಕ ಪ್ರಾಧಿಕಾರ, ಪ್ರತ್ಯೇಕ ನ್ಯಾಯಾಲಯ. ಇಬ್ಬರ ಅಂಜಿಕೆಗೂ ಅದರಲ್ಲಿ ಉತ್ತರವಿದೆ. ಕರ್ನಾಟಕ ಅದನ್ನು ತನ್ನ ಕಾಯ್ದೆಯಾಗಿ ಮಾಡಿಕೊಂಡಿಲ್ಲ. ಡಿಪಾಜಿಟ್ಟಿನ ಜಗಳಕ್ಕೆ ಇಂಗ್ಲೆಂಡಿನವರು 2007ರಿಂದಲೇ ದಾರಿ ಮಾಡಿಕೊಂಡಿದ್ದಾರೆ: ಮಾಲೀಕ ಆ ಹಣವನ್ನು ಸರಕಾರ ಒಪ್ಪಿದ ರಕ್ಷಣಾ ಯೋಜನೆಯೊಂದರಲ್ಲಿ ನೋಂದಾಯಿಸಲೇಬೇಕು, ಇಲ್ಲವಾದರೆ ದಂಡ. ಅಲ್ಲಿಗೆ ಹೋಗಿ ಬಾಡಿಗೆಗಿರುವ ನಮ್ಮ ಹುಡುಗರಿಗೆ ಇದು ಗೊತ್ತು. ಅವರ ಅಪ್ಪಂದಿರು ಇಲ್ಲಿ ಆರು ತಿಂಗಳ ಡಿಪಾಜಿಟ್ಟನ್ನು ಚೀಟಿ ಇಲ್ಲದೆ ಎಣಿಸಿಕೊಳ್ಳುತ್ತಾರೆ.

ಬೆಂಗಳೂರು ಮಾಡಲಿ ಎಂದು ಕೈಕಟ್ಟಿ ಕೂರುವ ಅಗತ್ಯವೂ ಇಲ್ಲ. ಕರಾರಿಗೆ ಬೇಕಾದ ಇ-ಸ್ಟಾಂಪ್ ಪಟ್ಟಣದ ಸೌಹಾರ್ದ ಸಹಕಾರಿಗಳಲ್ಲೇ ಸಿಗುತ್ತದೆ. (ಛಾಪಾ ಕಾಗದವನ್ನೇ ನಕಲಿ ಮಾಡಿ ದೇಶವನ್ನು ನಡುಗಿಸಿದ ತೆಲಗಿ ನಮ್ಮ ಜಿಲ್ಲೆಯ ಖಾನಾಪುರದವನು, ಕಾಗದದ ಮೇಲಿನ ನಮ್ಮ ಅಪನಂಬಿಕೆಗೆ ಅದೂ ಒಂದು ಕಾರಣವಿರಬಹುದು.) ಹನ್ನೊಂದು ತಿಂಗಳ ಕರಾರಿಗೆ ನೋಂದಣಿ ಕಡ್ಡಾಯವಲ್ಲ, ವರ್ಷ ಮೀರಿದರೆ ಕಡ್ಡಾಯ. ಬಾಡಿಗೆ ಎಷ್ಟು, ಡಿಪಾಜಿಟ್ ಎಷ್ಟು, ಯಾವ ತಾರೀಖಿಗೆ ಕೊಡಬೇಕು, ನೀರು-ಕರೆಂಟು ಯಾರದು, ಬಿಡುವಾಗ ಎಷ್ಟು ದಿನ ಮೊದಲು ಹೇಳಬೇಕು, ಪಡೆದಾಗ ಗೋಡೆ-ನಲ್ಲಿ-ಬಾಗಿಲು ಹೇಗಿದ್ದವು. ಒಂದು ಹಾಳೆಯಲ್ಲಿ ಮುಗಿಯುವ ವಿಷಯ. ಕಲ್ಲೋಳಿಯ ಶಾಂತಿನಾಥ ಬಸದಿಗೆ 1204ರ ಸುಮಾರಿನಲ್ಲಿ ರಟ್ಟರ ನಾಲ್ಕನೆಯ ಕಾರ್ತವೀರ್ಯನ ಕಾಲದಲ್ಲಿ ದತ್ತಿ ಕೊಟ್ಟಾಗ ಅದನ್ನು ಕಲ್ಲಿನಲ್ಲೇ ಕೊರೆಸಿದ್ದರು. ಅಂಥ ಶಾಸನ ಪಡೆದ ಊರಿನಲ್ಲಿ ಎರಡು ಖೋಲಿಯ ಬಾಡಿಗೆಗೆ ಒಂದು ಹಾಳೆ ದೊಡ್ಡದೇ?

ಜಗಳವಾದರೆ ಕೋರ್ಟೇ ಮೊದಲ ಬಾಗಿಲಾಗಬೇಕೆಂದಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ತಾಲ್ಲೂಕು ಕಾನೂನು ಸೇವಾ ಸಮಿತಿಗಳಿವೆ. ಹೆಂಗಸರು, ಪರಿಶಿಷ್ಟ ಜಾತಿ-ಪಂಗಡದವರು, ಅಂಗವಿಕಲರು ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವಿಗೆ ಅರ್ಹರು. ದಾವೆ ಹೂಡುವ ಮೊದಲೇ ಲೋಕ ಅದಾಲತ್ತಿನಲ್ಲಿ ಮಾತುಕತೆಯಿಂದ ಮುಗಿಸಿಕೊಳ್ಳಬಹುದು, ಅಲ್ಲಿ ಆದ ಒಪ್ಪಂದಕ್ಕೆ ಡಿಕ್ರಿಯ ಬೆಲೆ ಇದೆ. ಎಂಟು ತಿಂಗಳ ಬಾಡಿಗೆ ಕಳೆದುಕೊಂಡ ಆ ವಿಧವೆಗೂ, ಡಿಪಾಜಿಟ್ ಸಿಗದೆ ಅಲೆಯುವ ಬಾಡಿಗೆದಾರನಿಗೂ ಇದೇ ಬಾಗಿಲು. ಈ ಸಮಿತಿಗಳ ಕಾನೂನು ಅರಿವು ಶಿಬಿರಗಳಲ್ಲಿ ಬಾಡಿಗೆಯ ವಿಷಯ ಎಷ್ಟು ಸಲ ಬಂದಿದೆ ಎಂದು ವಕೀಲರ ಸಂಘಗಳು ತಮ್ಮನ್ನೇ ಕೇಳಿಕೊಳ್ಳಲಿ.

ವಿದ್ಯುತ್ ಸಂಸ್ಥೆಗಳು ಒಂದೇ ಮೀಟರಿನ ಚಾಳಗಳನ್ನು ಹುಡುಕಿ, ಪ್ರತ್ಯೇಕ ಮೀಟರು ಕೊಡುವ ಅಭಿಯಾನ ಮಾಡಲಿ. ಪೊಲೀಸರು ಬಾಡಿಗೆದಾರರ ಮಾಹಿತಿ ಕೊಡಿ ಎಂದು ಮಾಲೀಕರಿಗೆ ಹೇಳುವಾಗ, ಕರಾರಿನ ಪ್ರತಿಯನ್ನೂ ಕೇಳಲಿ; ಅದು ಇಲ್ಲದೆ ಬರಿ ಆಧಾರ್ ಝೆರಾಕ್ಸ್ ಪಡೆದು ಫೈಲಿಗೆ ಸೇರಿಸುವುದರಿಂದ ಯಾರಿಗೆ ಏನು ಲಾಭ? 2025ರಲ್ಲಿ ಬಿ-ಖಾತೆ ಕೊಡುವ ಅಭಿಯಾನ ನಡೆದಾಗ ತಮ್ಮ ಮನೆಗೇ ಸರಿಯಾದ ಖಾತೆ ಇಲ್ಲವೆಂದು ಹಲವರಿಗೆ ಅರಿವಾಯಿತು. ಅಂಥ ಮಾಲೀಕರು ಬಾಡಿಗೆ ಕರಾರಿಗೆ ಹಿಂಜರಿಯುವುದು ಸಹಜವೇ, ಖಾತೆ ಸರಿಯಾಗುವುದೂ ಕರಾರು ಆಗುವುದೂ ಒಂದೇ ಕಚೇರಿಯ ಕಟ್ಟೆಯಲ್ಲಿ ನಡೆಯಬೇಕಾದ ಕೆಲಸ.

ಪ್ರತಿ ಏಪ್ರಿಲ್‌ನಲ್ಲಿ ಶೇ 5ರ ರಿಯಾಯಿತಿಗಾಗಿ ಮನೆ ಮಾಲೀಕರು ಆಸ್ತಿ ತೆರಿಗೆ ಕಟ್ಟಲು ಪಟ್ಟಣ ಪಂಚಾಯಿತಿಗೆ ಬರುತ್ತಾರೆ. ಕನ್ನಡದಲ್ಲಿ ಅಚ್ಚು ಮಾಡಿಸಿದ ಒಂದು ಹಾಳೆಯ ಕರಾರಿನ ಮಾದರಿಯನ್ನೂ, ಒಂದು ರಸೀದಿ ಪುಸ್ತಕವನ್ನೂ ಆ ಕೌಂಟರಿನಲ್ಲಿ ಇಡಲು ಯಾವ ಹೊಸ ಕಾಯ್ದೆಯೂ ಬೇಡ, ಸಾಮಾನ್ಯ ಸಭೆಯ ಒಂದು ಠರಾವು ಸಾಕು. ಕಲ್ಲೋಳಿಯ ಸದಸ್ಯರು ಮುಂದಿನ ಸಭೆಯ ವಿಷಯಪಟ್ಟಿಯಲ್ಲಿ ಇದನ್ನು ಸೇರಿಸಲಿ. ಮೂಡಲಗಿ, ಗೋಕಾಕ, ಹುಕ್ಕೇರಿಯ ಪುರಸಭೆ-ನಗರಸಭೆಗಳೂ ಅದೇ ಹಾಳೆಯನ್ನು ಬಳಸಿಕೊಳ್ಳಬಹುದು.